ಒಂದು ಚದರ ಮೀಟರಿನ ಫಲಕಕ್ಕೆ ಹಣ ಕೊಡಿ: ಕೇಂದ್ರ ಸಚಿವ ಪ್ರಲ್ಹಾದ ಜೋಶಿಯವರಿಗೆ ಬಹಿರಂಗ ಪತ್ರ

ಮಾನ್ಯ ನವೀಕರಿಸಬಹುದಾದ ಇಂಧನ ಸಚಿವರೇ,

2023ರ ಜನವರಿಯಲ್ಲಿ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಸಿಕ್ಕಾಗ ತೆಗೆದಿಟ್ಟ 19,744 ಕೋಟಿ ರೂಪಾಯಿಯಲ್ಲಿ ಸಂಶೋಧನೆಯ ಪಾಲು 400 ಕೋಟಿ. ಅದರಲ್ಲೊಂದು ಭಾಗವನ್ನು ಬಿಸಿಲಿನಿಂದಲೇ ನೀರನ್ನು ಒಡೆಯುವ ಫಲಕಗಳನ್ನು ದೊಡ್ಡದು ಮಾಡುವ ಕೆಲಸಕ್ಕೆ ಮೀಸಲಿಡಿ ಎಂಬುದು ನಮ್ಮ ವಿನಂತಿ.

ಈ ತಂತ್ರಜ್ಞಾನ ನಾಳೆಯೇ ಕಾರ್ಖಾನೆಗೆ ಬರುತ್ತದೆಂದು ನಾವು ಹೇಳುವುದಿಲ್ಲ. ಟೋಕಿಯೊ ವಿಶ್ವವಿದ್ಯಾಲಯದ ತಂಡ 2021ರಲ್ಲಿ ಪ್ರಕಟಿಸಿದ 100 ಚದರ ಮೀಟರ್ ವ್ಯವಸ್ಥೆಯ ದಕ್ಷತೆ, ಅಂದರೆ ಬಿದ್ದ ಬಿಸಿಲಿನ ಶಕ್ತಿಯಲ್ಲಿ ಹೈಡ್ರೋಜನ್ ಆಗಿ ಉಳಿಯುವ ಪಾಲು, ಹೆಚ್ಚೆಂದರೆ 0.76%. ಚದರ ಮೀಟರಿಗೆ ದಿನಕ್ಕೆ 5 ಯೂನಿಟ್ ಬಿಸಿಲು ಎಂದು ಹಿಡಿದರೆ, ದಿನಕ್ಕೊಂದು ಕಿಲೋ ಹೈಡ್ರೋಜನ್‌ಗೆ ಸುಮಾರು 870 ಚದರ ಮೀಟರ್ ಬೇಕು. ಸಾಮಾನ್ಯ ಸೋಲಾರ್ ಪ್ಯಾನಲ್ ಜೊತೆ ಎಲೆಕ್ಟ್ರೋಲೈಸರ್ (ವಿದ್ಯುತ್ತಿನಿಂದ ನೀರನ್ನು ಒಡೆಯುವ ಯಂತ್ರ) ಇಟ್ಟರೆ 55 ಸಾಕು. ಟೋಕಿಯೊ ಫಲಕದಲ್ಲಿ ಬೆಳಕು ಹೀರಲು ಬಳಸಿದ ಸ್ಟ್ರಾನ್ಷಿಯಂ ಟೈಟನೇಟ್ ಹೀರುವುದು ಅತಿನೇರಳೆ ಕಿರಣಗಳನ್ನಷ್ಟೇ. ಬಿಸಿಲಿನಲ್ಲಿ ಅವುಗಳ ಪಾಲು ಅತ್ಯಲ್ಪ. ಆದರೂ ಆ ತಂಡ ಫಲಕವನ್ನು ತಿಂಗಳುಗಟ್ಟಲೆ ಬಯಲಿನಲ್ಲಿ ಓಡಿಸಿತು. ಆಮ್ಲಜನಕದೊಂದಿಗೆ ಬೆರೆತು ಬರುವ ಹೈಡ್ರೋಜನ್ 4ರಿಂದ 94% ಇದ್ದಾಗಲೆಲ್ಲ ಸ್ಫೋಟಿಸಬಲ್ಲದು. ಮೇಲಿನ ಗಾಜಿಗೂ ಬೆಳಕು ಹೀರುವ ವಸ್ತುವಿನ ಹಾಳೆಗೂ ನಡುವೆ 0.1 ಮಿ.ಮೀ. ಅಂತರವಷ್ಟೇ ಬಿಟ್ಟು, ಪಾಲಿಇಮೈಡ್ ಪೊರೆಯಿಂದ ಅನಿಲಗಳನ್ನು ಬೇರ್ಪಡಿಸಿ, ಅದನ್ನು ಸುರಕ್ಷಿತವಾಗಿ ಹಿಡಿಯಬಹುದೆಂದು ತೋರಿಸಿತು. ಪ್ರಯೋಗಾಲಯದ ಬೀಕರಿನಲ್ಲಿ ಇದನ್ನು ಕಲಿಯಲಾಗದು.

ನಮ್ಮಲ್ಲಿ ವಸ್ತುವಿಜ್ಞಾನಕ್ಕೆ ಕೊರತೆಯಿಲ್ಲ. ಬೆಂಗಳೂರಿನ ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ (ಸೆನ್ಸ್) 2025ರಲ್ಲಿ 25 ಚದರ ಸೆಂ.ಮೀ. ಸಿಲಿಕಾನ್ ಫೋಟೊಆನೋಡ್ (ಬೆಳಕು ಹೀರಿ ನೀರಿನಿಂದ ಆಮ್ಲಜನಕ ಬಿಡಿಸುವ ವಿದ್ಯುದ್ವಾರ) ತಯಾರಿಸಿತು. ಕ್ಷಾರ ದ್ರಾವಣದಲ್ಲಿ 10 ಗಂಟೆಗೂ ಹೆಚ್ಚು ನಡೆದಾಗ ಅದರ ಸಾಮರ್ಥ್ಯ ಕುಂದಿದ್ದು 4% ಮಾತ್ರ. ಇದು ಒಳ್ಳೆಯ ಕೆಲಸ. ಇದರ ಮುಂದಿನ ಹೆಜ್ಜೆಗೇ ಈಗ ಹಣ ಬೇಕಿರುವುದು, ಏಕೆಂದರೆ ಗಾತ್ರ ಬೆಳೆದಂತೆ ತೊಂದರೆಗಳೇ ಬದಲಾಗುತ್ತವೆ.

ವಾಹಕ ಗಾಜಿನ ಮೇಲೆ ವಿದ್ಯುತ್ ಸಾಗಿಸುವ ತೆಳು ಲೇಪನವನ್ನೇ ನೋಡಿ. ಪದರದ ರೋಧ ಚದರಕ್ಕೆ 10 ಓಮ್, ವಿದ್ಯುತ್ ಪ್ರವಾಹ ಚದರ ಸೆಂ.ಮೀ.ಗೆ 10 ಮಿಲಿಆಂಪ್, ಒಂದೇ ಅಂಚಿನಿಂದ ಸಂಗ್ರಹ ಎಂದುಕೊಳ್ಳಿ. 1 ಸೆಂ.ಮೀ. ಅಗಲದ ತುಣುಕಿನಲ್ಲಿ ದೂರದ ಅಂಚಿಗೆ ಆಗುವ ನಷ್ಟ 50 ಮಿಲಿವೋಲ್ಟ್. ಅಗಲ 10 ಸೆಂ.ಮೀ. ಆದರೆ ಲೆಕ್ಕ 5 ವೋಲ್ಟ್ ಮುಟ್ಟುತ್ತದೆ; ನೀರು ಒಡೆಯಲು ಬೇಕಾದ ಕನಿಷ್ಠ ವೋಲ್ಟೇಜೇ 1.23. ಅಂದರೆ ಆ ಫಲಕ ಆ ಪ್ರವಾಹವನ್ನು ಕೊಡುವುದೇ ಇಲ್ಲ. ಹಾಗಾಗಿ ನಡುನಡುವೆ ಲೋಹದ ಗೆರೆ ಎಳೆಯಬೇಕು, ಆ ಗೆರೆಗೆ ದ್ರಾವಣ ತಾಗದಂತೆ ಮುಚ್ಚಬೇಕು, ಮುಚ್ಚಿದಷ್ಟು ಜಾಗ ಬಿಸಿಲಿಗೆ ನಷ್ಟ. ಸಿಲಿಕಾನನ್ನು ಕಾಪಾಡುವ ಟೈಟಾನಿಯಂ ಡೈಆಕ್ಸೈಡ್ ಪದರದಲ್ಲಿ ಸೂಜಿಮೊನೆಯಷ್ಟು ತೂತು ಉಳಿದರೂ ಕ್ಷಾರ ಅಲ್ಲಿಂದಲೇ ಒಳಗೆ ತಿನ್ನತೊಡಗುತ್ತದೆ. ಗುಳ್ಳೆಗಳು ಮೇಲ್ಮೈಗೆ ಅಂಟಿ ಬೆಳಕನ್ನು ಚದುರಿಸುತ್ತವೆ. ಹಗಲು-ರಾತ್ರಿಯ ಏರಿಳಿತದ ಪೆಟ್ಟು ಬೇರೆ. ಪ್ರಯೋಗಾಲಯದಲ್ಲಿ ಸದಾ ಉರಿಯುವ ದೀಪದಡಿ ಅದು ಕಾಣುವುದಿಲ್ಲ.

ಆದ್ದರಿಂದ ಮುಂದಿನ ಅರ್ಜಿ ಆಹ್ವಾನದಲ್ಲಿ ಕೆಲವು ಷರತ್ತುಗಳಿರಲಿ. ಫಲಕ ಕನಿಷ್ಠ ಒಂದು ಚದರ ಮೀಟರ್ ಇರಬೇಕು. ರಾಯಚೂರಿನಂಥ ಒಣ ಬಯಲಿನಲ್ಲೊಂದು, ಮಂಗಳೂರಿನ ಉಪ್ಪುಗಾಳಿಯಲ್ಲೊಂದು ಪರೀಕ್ಷಾ ಅಂಗಳ ಮಾಡಿ, ಮಳೆಗಾಲವೂ ಸೇರಿ ಪೂರ್ತಿ ವರ್ಷ ಓಡಿಸಬೇಕು. ದಕ್ಷತೆಯನ್ನು ಪ್ರವಾಹ ನೋಡಿ ಊಹಿಸದೆ, ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಲ್ಲಿ (ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣ) ಅಳೆದ ಅನಿಲದಿಂದಲೇ ಲೆಕ್ಕ ಹಾಕಬೇಕು. ಏಕೆಂದರೆ ನೀರು ಒಡೆಯದೆ ವಸ್ತುವೇ ಸವೆಯುವಾಗಲೂ ಪ್ರವಾಹ ಹರಿಯುತ್ತದೆ. ಕೆಟ್ಟ ಫಲಕಗಳ ದತ್ತಾಂಶವನ್ನು ಕೆಟ್ಟ ಕಾರಣದ ಸಮೇತ ಪ್ರಕಟಿಸುವುದು ಅನುದಾನದ ಕೊನೆಯ ಕಂತಿಗೆ ಕಡ್ಡಾಯವಾಗಲಿ.

ಇಂತಿ,
ಸೌರ ಜಲವಿಭಜನೆಯ ವಸ್ತುಗಳ ಮೇಲೆ ಕೆಲಸ ಮಾಡುತ್ತಿರುವವರು