ಆ ಬಣ್ಣದ ಅಂಚು ಮುದ್ರಣದ ದೋಷವಲ್ಲ

ಮಾನ್ಯರೇ,

ಹಳೆಯ ಸ್ಕ್ಯಾನರ್‌ಗಳ ಬಗ್ಗೆ ನಿಮ್ಮ ಪುರವಣಿಯ ಲೇಖನ ಓದಿದೆ. 1990ರ ದಶಕದ ಆರಂಭದ ಕಲರ್ ಸ್ಕ್ಯಾನ್‌ಗಳಲ್ಲಿ ಅಕ್ಷರಗಳಿಗೆ ಕೆಂಪು, ನೀಲಿ ಅಂಚು ಕಾಣುವುದಕ್ಕೆ ಮೂಲ ಮುದ್ರಣವೇ ಕಾರಣ ಎಂದಿರುವುದು ಸರಿಯಲ್ಲ. ಬಹುಪಾಲು ಅದು ಯಂತ್ರದ ಕರಾಮತ್ತು.

ಹಾಳೆಯನ್ನು ಗಾಜಿನ ಮೇಲಿಟ್ಟು ಓದುವ ಆಗಿನ ಅನೇಕ ಫ್ಲಾಟ್‌ಬೆಡ್‌ಗಳಲ್ಲಿದ್ದದ್ದು ಒಂದೇ ಸಾಲಿನ ಸಿಸಿಡಿ, ಅಂದರೆ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಸಂವೇದಕ. ಅದಕ್ಕೆ ಬೆಳಕಿನ ಹೆಚ್ಚುಕಡಿಮೆ ಗೊತ್ತಾಗುತ್ತದೆಯೇ ಹೊರತು ಬಣ್ಣ ಗೊತ್ತಾಗದು. ಹಾಗಾಗಿ ಮೈಕ್ರೋಟೆಕ್‌ನ ಸ್ಕ್ಯಾನ್‌ಮೇಕರ್ 2ರಂಥ ಯಂತ್ರಗಳು ಒಂದೇ ಪುಟದ ಮೇಲೆ ಮೂರು ಸಲ ಓಡುತ್ತಿದ್ದವು: ಕೆಂಪಿಗೊಮ್ಮೆ, ಹಸಿರಿಗೊಮ್ಮೆ, ನೀಲಿಗೊಮ್ಮೆ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಒಂದು ಪಿಕ್ಸೆಲ್ ಎಂದರೆ 0.085 ಮಿ.ಮೀ. ಬೆಲ್ಟ್ ತುಸು ಸಡಿಲವಾದರೂ, ನಡುವೆ ಯಾರೋ ಮುಚ್ಚಳ ಒತ್ತಿ ಹಾಳೆ ಅಲುಗಿದರೂ ಮೂರು ಚಿತ್ರಗಳು ಒಂದರ ಮೇಲೊಂದು ಕೂರುವುದಿಲ್ಲ. ದೀಪ ಬಿಸಿಯಾಗುವ ಮೊದಲೇ ಸ್ಕ್ಯಾನ್ ಶುರು ಮಾಡಿದರೆ ಇನ್ನೊಂದು ತೊಂದರೆ. ಓಟದಿಂದ ಓಟಕ್ಕೆ ಬೆಳಕು ಬದಲಾಗಿ ಇಡೀ ಚಿತ್ರಕ್ಕೆ ಯಾವುದೋ ಒಂದು ಛಾಯೆ ಹತ್ತಿಕೊಳ್ಳುತ್ತದೆ.

1991ರಲ್ಲಿ ಎಚ್‌ಪಿಯ ಸ್ಕ್ಯಾನ್‌ಜೆಟ್ 2ಸಿ 400 ಡಿಪಿಐನಲ್ಲಿ ಒಂದೇ ಓಟಕ್ಕೆ ಮೂರೂ ಬಣ್ಣ ಹಿಡಿಯಿತು, ನಿಜ. ಆದರೆ ಒಂದೇ ಓಟ ಬಂದಮೇಲೆ ಅಂಚಿನ ಕಾಟ ತೀರಿತು ಎಂಬ ಮಾತು ಅರ್ಧ ಸತ್ಯ. ಒಂದೇ ಓಟದ ಅನೇಕ ಯಂತ್ರಗಳಲ್ಲಿರುವ, ಬಣ್ಣಕ್ಕೊಂದರಂತೆ ಮೂರು ಸಾಲಿನ ಸಿಸಿಡಿಯಲ್ಲಿ ಸಾಲುಗಳ ನಡುವೆ ಅಂತರವಿರುತ್ತದೆ. ಮುಂದಿನ ಸಾಲು ಕಂಡದ್ದನ್ನು ಮೆಮೊರಿಯಲ್ಲಿ ತಡೆದಿಟ್ಟು, ಹಿಂದಿನ ಸಾಲುಗಳು ಅದೇ ಜಾಗಕ್ಕೆ ಬಂದಾಗ ಕೂಡಿಸಬೇಕು. ಮೋಟರ್‌ನ ವೇಗ ಏರುಪೇರಾದರೆ ಲೆಕ್ಕ ಕೆಡುತ್ತದೆ. 300 ಡಿಪಿಐನ ಒಂದು ಎ4 ಪುಟ ಬಣ್ಣದಲ್ಲಿ ಸುಮಾರು 26 ಎಂಬಿ. 4 ಎಂಬಿ ಮೆಮೊರಿಯ ಕಂಪ್ಯೂಟರ್ ಅದನ್ನು ಡಿಸ್ಕಿಗೆ ಬರೆದು ಮುಗಿಸುವಷ್ಟರಲ್ಲಿ ಸ್ಕ್ಯಾನರ್ ನಿಂತು, ಚೂರು ಹಿಂದೆ ಸರಿದು, ಮತ್ತೆ ಹೊರಡಬೇಕಾಗುತ್ತಿತ್ತು. ಅಂಥ ಕಡೆಯೇ ಅಂಚಿನ ಪಟ್ಟೆ ಎದ್ದು ಕಾಣುವುದು.

ಕಾರಣ ಗುರುತಿಸುವುದು ಸುಲಭ. ಚಿತ್ರವನ್ನು 400 ಪ್ರತಿಶತಕ್ಕೆ ಹಿಗ್ಗಿಸಿ. ಅಡ್ಡಗೆರೆಗಳ ಮೇಲೆ ಕೆಳಗೆ ಮಾತ್ರ ಬಣ್ಣವಿದ್ದು ಉದ್ದಗೆರೆಗಳು ಶುದ್ಧವಾಗಿದ್ದರೆ ಅದು ಓಟದ ದೋಷ (ಪುಟವನ್ನು ತಿರುಗಿಸಿಟ್ಟು ಸ್ಕ್ಯಾನ್ ಮಾಡಿದ್ದರೆ ಇದು ಅದಲುಬದಲು). ಮಧ್ಯದಲ್ಲಿ ಸರಿಯಿದ್ದು ಎಡಬಲ ಬದಿಗೆ ಹೋದಂತೆ ಉದ್ದಗೆರೆಗಳಿಗೆ ಬಣ್ಣ ಹೆಚ್ಚಿದರೆ ಅದು ಲೆನ್ಸಿನದು. ಅಡ್ಡ, ಉದ್ದ ಎರಡಕ್ಕೂ ಪುಟದ ತುಂಬ ಒಂದೇ ಸಮ ಇದ್ದರೆ ಮಾತ್ರ ಮುದ್ರಣವನ್ನು ಅನುಮಾನಿಸಿ.

ಓಟದ ದೋಷವಾದರೆ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಹಸಿರು ಚಾನೆಲ್ (ಹಸಿರು ಬಣ್ಣದ ಪದರ) ಮುಟ್ಟದೆ ಕೆಂಪು, ನೀಲಿ ಚಾನೆಲ್‌ಗಳನ್ನು ಒಂದೊಂದೇ ಪಿಕ್ಸೆಲ್ ಮೇಲೆ ಅಥವಾ ಕೆಳಗೆ ಸರಿಸಿ ನೋಡಿ. ಪುಟದ ತಲೆಯಲ್ಲಿ ಕೂಡಿಕೊಂಡದ್ದು ಬುಡದಲ್ಲಿ ಕೂಡದಿದ್ದರೆ ಸರಿಸಿದರೆ ಸಾಲದು, ಆ ಚಾನೆಲ್ಲನ್ನು ಉದ್ದಕ್ಕೆ ತುಸು ಎಳೆಯಬೇಕು. ಇದನ್ನು ವಿವರ ಕಳೆಯದೆ ಉಳಿಸಿದ ಮೂಲ ಟಿಫ್ ಕಡತದಲ್ಲೇ ಮಾಡಬೇಕು. ಸಾಮಾನ್ಯ ಜೆಪೆಗ್ ಬಣ್ಣದ ವಿವರವನ್ನು ಅರ್ಧಕ್ಕಿಳಿಸಿಬಿಡುವುದರಿಂದ, ಆಮೇಲೆ ಎಷ್ಟು ಸರಿಸಿದರೂ ಅಂಚು ಪೂರ್ತಿ ಹೋಗುವುದಿಲ್ಲ.

– ಒಬ್ಬ ಓದುಗ