ರೋಮಿಂಗ್ ಪ್ಯಾಕ್ ಷರತ್ತುಗಳನ್ನ ದೊಡ್ಡ ಅಕ್ಷರದಲ್ಲಿ ಹಾಕ್ಲಿ

ಸಂಪಾದಕರಿಗೆ ನಮಸ್ಕಾರ,

ವಿದೇಶಕ್ಕೆ ಹೋಗೋರಿಗೆ ಅಂತ ಡೇಟಾ ಪ್ಯಾಕ್ ಜಾಹೀರಾತು ಈಗ ಎಲ್ಲಿ ನೋಡಿದ್ರೂ ಇದೆ, ಇಷ್ಟು ಜಿಬಿ, ಇಷ್ಟು ದಿನ, ಇಷ್ಟು ದುಡ್ಡು, ಅಷ್ಟೇ. ಜನ ಸಿಕ್ಕಿಹಾಕ್ಕೊಳ್ಳೋದು ಮಾತ್ರ ಕೆಳಗೆ ಸಣ್ಣ ಅಕ್ಷರದಲ್ಲಿ ಇರೋ ಷರತ್ತುಗಳಿಂದ.

ಅನ್‌ಲಿಮಿಟೆಡ್ ಪ್ಯಾಕನ್ನೇ ತಗೊಳ್ಳಿ. ಎಷ್ಟೋ ಪ್ಯಾಕ್‌ಗಳಲ್ಲಿ ದಿನಕ್ಕೆ ಇಂತಿಷ್ಟು ಅಂತ ಮಿತಿ ಇರುತ್ತೆ, ಅದು ದಾಟಿದ್ರೆ ಸ್ಪೀಡ್ ಕಟ್. 128 ಕೆಬಿಪಿಎಸ್‌ಗೆ ಇಳಿಸಿದ್ರೆ ಒಂದು ಎಂಬಿ ಫೋಟೋ ಬರೋಕೆ ಒಂದು ನಿಮಿಷ ಬೇಕು, ಗೊತ್ತಿಲ್ಲದ ಊರಲ್ಲಿ ಮ್ಯಾಪ್ ನೋಡ್ಕೊಂಡು ಓಡಾಡೋರು ಏನ್ ಮಾಡ್ಬೇಕು? ವ್ಯಾಲಿಡಿಟಿನೂ ಹಾಗೇ, ಕೆಲವು ಪ್ಯಾಕ್ ಅಲ್ಲಿನ ನೆಟ್‌ವರ್ಕ್ ಸಿಕ್ಕಾಗ ಶುರುವಾಗುತ್ತೆ, ಕೆಲವು ಇ-ಸಿಮ್ (ಕಾರ್ಡ್ ಇಲ್ದೆ ಫೋನಿಗೇ ಡೌನ್‌ಲೋಡ್ ಮಾಡ್ಕೊಳ್ಳೋ ಸಿಮ್) ಹಾಕಿದ ಕ್ಷಣದಿಂದ್ಲೇ, ಮನೆಯಲ್ಲೇ ದಿನ ಎಣಿಸೋಕೆ ಶುರು. ಯುರೋಪ್ ಪ್ಯಾಕ್ ಅಂತ ತಗೊಂಡ್ರೆ ಅದ್ರಲ್ಲಿ ಸ್ವಿಟ್ಜರ್‌ಲ್ಯಾಂಡ್ ಇರುತ್ತೆ ಅಂತ ಗ್ಯಾರಂಟಿ ಇಲ್ಲ, ಯಾಕಂದ್ರೆ ಅದು ಯುರೋಪಿಯನ್ ಒಕ್ಕೂಟದಲ್ಲಿಲ್ಲ. ಹಡಗು, ವಿಮಾನದಲ್ಲಿ ಸಿಗೋ ಸ್ಯಾಟಲೈಟ್ ನೆಟ್‌ವರ್ಕ್ ಸಾಮಾನ್ಯ ಪ್ಯಾಕ್‌ಗೆ ಹೆಚ್ಚಾಗಿ ಸೇರಲ್ಲ, ಹಾಗಾಗಿ ಅಲ್ಲಿ ಏರ್‌ಪ್ಲೇನ್ ಮೋಡ್ ಹಾಕ್ಕೊಂಡ್ರೇ ಕ್ಷೇಮ.

ಇದೆಲ್ಲಕ್ಕಿಂತ ನನಗೆ ಮುಖ್ಯ ಅನ್ಸೋದು ಓಟಿಪಿ ವಿಷಯ. ಪ್ರವಾಸಿಗಳಿಗೆ ಮಾರೋ ಇ-ಸಿಮ್‌ಗಳಲ್ಲಿ ತುಂಬಾನೇ ಬರೀ ಡೇಟಾದ್ದು, ಅದಕ್ಕೆ ಫೋನ್ ನಂಬರೇ ಇರಲ್ಲ, ಬ್ಯಾಂಕಿನ ಓಟಿಪಿ ಬರೋದು ಹಳೇ ನಂಬರಿಗೇ. ಕಡಿಮೆ ದುಡ್ಡಿಗೆ ಸಿಕ್ತು ಅಂತ ಹೊಸ ಸಿಮ್ ಹಾಕಿ ಹಳೇದನ್ನ ತೆಗೆದಿಟ್ರೆ, ಹೋಟೆಲ್‌ಗೆ ಕಾರ್ಡಲ್ಲಿ ದುಡ್ಡು ಕಟ್ಟೋ ಹೊತ್ತಿಗೆ ಓಟಿಪಿ ಬರದೆ ಪರದಾಡ್ಬೇಕು. ಹಳೇ ಸಿಮ್ ಆನ್ ಇರ್ಲಿ, ಹೊರಡೋ ಮೊದ್ಲೇ ಅದಕ್ಕೆ ರೋಮಿಂಗ್ ಆಕ್ಟಿವೇಟ್ ಮಾಡ್ಸಿ, ಆದ್ರೆ ಫೋನಲ್ಲಿ ಅದರ ಡೇಟಾ ರೋಮಿಂಗ್ ಮಾತ್ರ ಆಫ್ ಇರ್ಲಿ. ಬರೋ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ಚಾರ್ಜ್ ಇಲ್ಲ, ಬರೋ ಕಾಲ್ ಎತ್ತಿದ್ರೆ ಬೀಳ್ಬಹುದು, ಕಂಪನಿಯವ್ರನ್ನ ಕೇಳ್ಕೊಳ್ಳಿ. ಇನ್ನೊಂದು, ಸಿಗ್ನಲ್ ಹೋದಾಗ ಡೇಟಾವನ್ನ ತಾನಾಗೇ ಇನ್ನೊಂದು ಸಿಮ್‌ಗೆ ಬದಲಾಯಿಸೋ ಸೆಟ್ಟಿಂಗ್ ಎಷ್ಟೋ ಫೋನಲ್ಲಿದೆ, ಅದನ್ನೂ ಆಫ್ ಮಾಡಿ. ಇಷ್ಟು ವಿಷಯ ಪ್ಯಾಕ್ ಮಾರೋರೇ ಖರೀದಿ ಹೊತ್ತಲ್ಲಿ ಹೇಳ್ಬೇಕಲ್ವಾ ಸರ್, ವಯಸ್ಸಾದ ತಂದೆತಾಯಿ ಮಕ್ಕಳನ್ನ ನೋಡೋಕೆ ಅಂತ ಒಬ್ಬೊಬ್ರೇ ಹೋಗ್ತಾರೆ, ಅವ್ರಿಗೆ ಸೆಟ್ಟಿಂಗ್ ಹುಡುಕೋಕೆ ಬರುತ್ತಾ?

ನಿಯಮ ಮಾಡೋದು ಅಸಾಧ್ಯ ಏನಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2010ರಿಂದ್ಲೇ ಡೇಟಾ ರೋಮಿಂಗ್ ಬಿಲ್ಲಿಗೆ ತೆರಿಗೆ ಬಿಟ್ಟು 50 ಯೂರೋ ಮಿತಿ ಇದೆ, ಗ್ರಾಹಕರು ಬೇರೆ ಮಿತಿ ಆರಿಸ್ಕೊಂಡಿಲ್ಲ ಅಂದ್ರೆ ಅದು ತಲುಪೋ ಮೊದ್ಲೇ ಎಚ್ಚರಿಕೆ ಕೊಡ್ಬೇಕು, ಒಪ್ಪಿಗೆ ಇಲ್ದೆ ಮುಂದುವರಿಸೋ ಹಾಗಿಲ್ಲ. ಅಲ್ಲಿನ ಸಿಮ್ ಇರೋರಿಗೆ ಸಿಗೋ ಈ ರಕ್ಷಣೆ ಎಲ್ಲಾ ಕಡೆಯ ಗ್ರಾಹಕರಿಗೂ ಸಿಗ್ಬೇಕು. ಅದರ ಜೊತೆಗೆ ಸ್ಪೀಡ್ ಎಷ್ಟಕ್ಕೆ ಇಳಿಯುತ್ತೆ, ದಿನ ಯಾವಾಗಿಂದ ಲೆಕ್ಕ, ಯಾವ್ಯಾವ ದೇಶ, ಹಾಟ್‌ಸ್ಪಾಟ್ ನಡೆಯುತ್ತಾ, ನಂಬರ್ ಇದೆಯಾ ಇಲ್ವಾ, ಇವನ್ನ ಬೆಲೆ ಪಕ್ಕದಲ್ಲೇ, ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ ಹಾಕ್ಬೇಕು ಅಂತ ಟೆಲಿಕಾಂ ನಿಯಂತ್ರಕರು ಆದೇಶ ಮಾಡ್ಲಿ.

ಇಂತಿ,
ನಿಮ್ಮ ಓದುಗ