ಆ್ಯಪ್ ನೋಡುವ ಬಾಣಂತಿಯರನ್ನು ಬೈಯುವ ಮುಂಚೆ

ಮಾನ್ಯರೆ,

ಈಗಿನ ಹೆಣ್ಣುಮಕ್ಕಳು ಬಾಣಂತನವನ್ನೂ ಮೊಬೈಲ್ ಕೇಳಿಯೇ ಮಾಡ್ತಾರೆ ಅನ್ನುವ ಮಾತು ಎಲ್ಲ ಕಡೆ ಕೇಳುತ್ತಿದೆ. ನಾನೂ ಅಂಥವಳೇ. ಮೊದಲ ಹೆರಿಗೆ, ಮಗುವಿಗೆ ಈಗ ಏಳು ತಿಂಗಳು. ಇನ್ನು ಯಾರನ್ನು ಕೇಳಬೇಕಿತ್ತು ಹೇಳಿ? ಆಸ್ಪತ್ರೆಯಲ್ಲಿ ಬೆಳಗ್ಗೆಯಿಂದ ಕಾದು ಒಳಗೆ ಹೋದರೆ ಬಿಪಿ, ತೂಕ, ಸ್ಕ್ಯಾನ್ ನೋಡಿ, ಚೀಟಿ ಬರೆದು, ಮುಂದಿನವರನ್ನು ಕರೆಯುತ್ತಾರೆ. ಡಾಕ್ಟರನ್ನು ದೂರುವ ಹಾಗೂ ಇಲ್ಲ, ಹೊರಗಿನ ಸಾಲು ಅಷ್ಟು ಉದ್ದ.

ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬಾರದು, ಕಾಫಿ ಟೀ ಜೊತೆಗಂತೂ ಬೇಡ ಎಂದು ನನಗೆ ತಿಳಿದದ್ದು ಆ್ಯಪಿನಿಂದಲೇ. ಮಗುವಿನ ನಾಲಿಗೆಗೆ ಜೇನುತುಪ್ಪ ನೆಕ್ಕಿಸಲು ಬಂದ ದೊಡ್ಡವರನ್ನು ತಡೆಯುವ ಧೈರ್ಯ ಬಂದದ್ದೂ ಅದರಿಂದಲೇ. ಒಂದು ವರ್ಷ ತುಂಬುವವರೆಗೆ ಜೇನು ಕೊಡಬಾರದು.

ಆದರೆ ಈ ಆ್ಯಪ್‌ಗಳು ನಮಗೆ ಅಂತ ಮಾಡಿದವಲ್ಲ. ನನ್ನ ಆ್ಯಪ್ ಇದ್ದದ್ದು ಇಂಗ್ಲಿಷಿನಲ್ಲಿ. ಈ ವಾರ ನಿಮ್ಮ ಮಗು ಬ್ಲೂಬೆರಿಯಷ್ಟಿದೆ ಅನ್ನುತ್ತದೆ, ಮಂಡ್ಯದಲ್ಲಿ ಬ್ಲೂಬೆರಿ ಕಂಡವರು ಎಷ್ಟು ಜನ! ಊಟದ ಪಟ್ಟಿಯಲ್ಲಿ ಅವಕಾಡೊ ಇದೆ, ರಾಗಿ ಮುದ್ದೆ, ಬಸ್ಸಾರು ಇಲ್ಲ. ಇದಕ್ಕೆ ನಕ್ಕು ಸುಮ್ಮನಾಗಬಹುದು. ಫೋನನ್ನೇ ಹೊಟ್ಟೆ ಮೇಲಿಟ್ಟರೆ ಮಗುವಿನ ಎದೆಬಡಿತ ಕೇಳಿಸುತ್ತೇವೆ ಅನ್ನುವ ಆ್ಯಪ್‌ಗಳಿಗೆ ನಗುವ ಹಾಗಿಲ್ಲ. ಮಗುವಿನ ಮಿಸುಕಾಟ ಕಡಿಮೆಯಾದರೆ ಫೋನ್ ಹಿಡಿದು ಕೂರುವುದಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಹೆರಿಗೆಯಾದ ಮೇಲೆ ಇನ್ನೂ ಜಾಸ್ತಿ ಕಷ್ಟ. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುತ್ತದೆ, ಸಾಮಾನ್ಯವಾಗಿ ಎರಡು ವಾರದೊಳಗೆ ಮತ್ತೆ ಬರುತ್ತದೆ. ಅದು ಗೊತ್ತಿಲ್ಲದವಳು ಆ್ಯಪಿನಲ್ಲಿ ಮಗುವಿನ ತೂಕ ತುಂಬಿಸಿ, ತೂಕ ಕಡಿಮೆ ಎಂದು ತೋರಿಸುವ ಕೆಂಪು ಗೆರೆ ನೋಡಿ ಹೆದರಿ ಕೂತಿರುವಾಗ, ನನಗೆ ಹಾಲೇ ಸಾಲುತ್ತಿಲ್ಲವೇನೋ ಎಂದು ಅಳು ಬರುವಾಗ, ಅದೇ ಪರದೆಯ ಕೆಳಗೆ ಪುಡಿ ಹಾಲಿನ ಜಾಹೀರಾತು ಬರುತ್ತದೆ. 1992ರ ಕಾನೂನು, ಮತ್ತೆ 2003ರ ತಿದ್ದುಪಡಿ, ಎರಡು ವರ್ಷದೊಳಗಿನ ಮಕ್ಕಳ ಪುಡಿ ಹಾಲಿನ ಜಾಹೀರಾತನ್ನೇ ನಿಷೇಧಿಸಿವೆ. ಟಿವಿಯಲ್ಲಿ ತಪ್ಪಾದದ್ದು ಬಾಣಂತಿಯ ಮೊಬೈಲಿನಲ್ಲಿ ಸರಿಯಾಗುತ್ತಾ? ಇದನ್ನು ನೋಡಿಕೊಳ್ಳಬೇಕಾದವರು ಯಾರು?

ನನ್ನ ಹೆದರಿಕೆ ಬಿಡಿಸಿದವರು ನಮ್ಮ ಬೀದಿಯ ಆಶಾ ಅಕ್ಕ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಅವರು 3, 7, 14, 21, 28 ಮತ್ತು 42ನೇ ದಿನ ಬರಬೇಕು ಎಂದು ನಿಯಮವಿದೆ. ಬಂದವರು ಮೊಬೈಲ್ ಕಡೆ ನೋಡಲೇ ಇಲ್ಲ. ಮಗು ಹಾಲು ಕುಡಿಯುವುದನ್ನು ನೋಡಿದರು. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ತಾ ಇದ್ರೆ ಹಾಲು ಸಾಕಾಗ್ತಿದೆ ಕಣವ್ವ ಅಂದರು. ಜ್ವರ ಬಂದರೆ, ಮೈ ತಣ್ಣಗಾದರೆ, ಹಾಲು ಕುಡಿಯದೆ ಮಂಕಾಗಿ ಮಲಗಿದರೆ ಕಾಯದೆ ಹೊರಡಿ ಎಂದರು. ಇಷ್ಟನ್ನು ಆ್ಯಪ್ ಮೊದಲ ಪುಟದಲ್ಲಿ ಕನ್ನಡದಲ್ಲಿ ಹೇಳಬಹುದಿತ್ತು, ಅಲ್ವಾ?

ಹಾಗಾಗಿ ಆರೋಗ್ಯ ಇಲಾಖೆಗೆ ನನ್ನದೊಂದು ಕೋರಿಕೆ. ಕೇಂದ್ರ ಸರ್ಕಾರದ ಕಿಲ್ಕಾರಿ ಯೋಜನೆಯಲ್ಲಿ ಬಸುರಿಯ ನಾಲ್ಕನೇ ತಿಂಗಳಿಂದ ಮಗುವಿಗೆ ವರ್ಷ ತುಂಬುವವರೆಗೆ ವಾರಕ್ಕೊಂದರಂತೆ 72 ಧ್ವನಿ ಸಂದೇಶ ಫೋನಿಗೆ ಬರುತ್ತವೆ. ಓದಲು ಬಾರದವರಿಗೂ ಆಗುತ್ತದೆ, ಸ್ಮಾರ್ಟ್‌ಫೋನೂ ಬೇಡ. ನನಗಾಗಲಿ, ನನ್ನ ಜೊತೆ ಹೆತ್ತ ಗೆಳತಿಯರಿಗಾಗಲಿ ಅಂಥ ಒಂದು ಕರೆಯೂ ಬಂದಿಲ್ಲ. ನಮ್ಮ ಜಿಲ್ಲೆಗೆ ಅಂಥದ್ದನ್ನು ನಮ್ಮ ಮಾತಿನಲ್ಲೇ ಮಾಡಲಿ. ಮಂಡ್ಯದ ಮಿಮ್ಸ್, ಮೈಸೂರಿನ ಚೆಲುವಾಂಬ ಆಸ್ಪತ್ರೆಯ ಡಾಕ್ಟರು, ನರ್ಸುಗಳು ಕೂತು ಬರೆಯಲಿ, ದನಿ ಆಶಾ ಅಕ್ಕಂದಿರದ್ದೇ ಇರಲಿ, ತಾಯಿ ಕಾರ್ಡ್ ಕೊಡುವ ದಿನವೇ ನಂಬರ್ ಬರೆದುಕೊಳ್ಳಲಿ. ಅದು ಬರುವವರೆಗೆ, ಡಿಸ್ಚಾರ್ಜ್ ಮಾಡುವಾಗ ಯಾವ ಆ್ಯಪ್ ನಂಬಬಹುದು, ಯಾವುದು ಬೇಡ ಎಂದಾದರೂ ಒಂದು ಮಾತು ಹೇಳಲಿ.

- ಒಬ್ಬ ತಾಯಿ, ಮಂಡ್ಯ